ಕೊಡೆ ಹಿಡಿದು ನೀರು ಹಾಯಿಸಿದವರು

ಕಾಲುವೆ ಬೀದಿಯ ಮನೆಯಿಂದ,
ಜನವರಿ ಹನ್ನೆರಡು, ಭಾನುವಾರ ಬೆಳಿಗ್ಗೆ

ನನ್ನ ಮುದ್ದಿನ ಸೊಸೆಗೆ,

ಹೋದ ಆಗಸ್ಟ್ ತಿಂಗಳ ಮೂರನೆಯ ಭಾನುವಾರ, ಹಾಡಹಗಲಿನಲ್ಲಿ, ನೀರಿನ ಸಂಘದ ಅಂಗಳದಲ್ಲಿ, ಕೈಯಲ್ಲಿ ಮೈಕು ಹಿಡಿದುಕೊಂಡು ಅಧ್ಯಕ್ಷರು ನಿನ್ನನ್ನು ನೀರುಗಳ್ಳಿ ಎಂದರು. ಕುಶಲ ಕೇಳುವ ಮೊದಲೇ ಇದನ್ನು ಬರೆದುಬಿಟ್ಟೆ ಎಂದು ಬೇಸರ ಮಾಡಿಕೊಳ್ಳಬೇಡ. ಪೆನ್ನು ಹಿಡಿದ ಕೂಡಲೇ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಮೊನ್ನೆ ಹಾಲಿನವನಿಗೆ 'ನಾಳೆ ಬೇಡ' ಎಂದು ಚೀಟಿ ಬರೆಯಲು ಕೂತವಳು 'ಹೋದ ಆಗಸ್ಟ್' ಎಂದು ಶುರು ಮಾಡಿ, ಹೊಡೆದು ಹಾಕಿ, ಬೇರೆ ಕಾಗದ ತೆಗೆದುಕೊಂಡೆ.

ಈಗ ಕ್ರಮವಾಗಿ ಕೇಳುತ್ತೇನೆ. ನಿನ್ನ ಅಮ್ಮನ ಸೊಂಟ ಹೇಗಿದೆ? ಗೋಡೆ ಹಿಡಿದು ಬಾಗಿಲವರೆಗೆ ಬರುತ್ತಾರೆಂದು ನಿನ್ನ ಗಂಡ ಹೇಳಿದ. ಅವನ ವರದಿ ಎಂದರೆ ನಿನಗೆ ಗೊತ್ತೇ ಇದೆ. ಅಲ್ಲಿಂದ ಬಂದವನನ್ನು ಎದುರಿಗೆ ಕೂರಿಸಿಕೊಂಡು ಕೇಳಿದರೆ 'ಚೆನ್ನಾಗಿದ್ದಾರೆ' ಅನ್ನುತ್ತಾನೆ. ಯಾರು ಚೆನ್ನಾಗಿದ್ದಾರೆ, ಎಷ್ಟು ಚೆನ್ನಾಗಿದ್ದಾರೆ ಎಂದು ಇನ್ನೊಂದು ಪ್ರಶ್ನೆ ಕೇಳಿದರೆ ಎದ್ದು ಹೋಗಿ ಅಂಗಡಿಯಲ್ಲಿ ವೆಲ್ಡಿಂಗ್ ಶುರು ಮಾಡುತ್ತಾನೆ. ಆ ಸದ್ದಿನಲ್ಲಿ ಹೆತ್ತ ತಾಯಿ ಕೂಡ ಏನು ಕೇಳಲು ಸಾಧ್ಯ? ಆದ್ದರಿಂದ ನೀನೇ ಬರೆ. ಅಮ್ಮ ಹೊಟ್ಟೆ ತುಂಬ ಊಟ ಮಾಡುತ್ತಾರಾ, ನಿನಗೆ ನಿದ್ದೆ ಬರುತ್ತಿದೆಯಾ, ಕೆನ್ನೆ ಇನ್ನೂ ಒಳಗೇ ಹೋಗಿದೆಯಾ ಎಂದು ಒಂದೊಂದಾಗಿ ಬರೆ. ನಾನು ಚೆನ್ನಾಗಿದ್ದೇನೆ. ಎಡ ಮಂಡಿ ಮಾತ್ರ ನನಗಿಂತ ಹೆಚ್ಚು ಮಾತಾಡುತ್ತದೆ. ಪ್ರೆಸ್ಸಿನಲ್ಲಿ ಕರಡು ತಿದ್ದಿ ತಿದ್ದಿ ಸವೆದ ಕಣ್ಣಾದರೂ ಇವತ್ತಿನ ಪೇಪರಿನ ಮೊದಲ ಪುಟದಲ್ಲೇ ಎರಡು ತಪ್ಪು ಹಿಡಿದಿದ್ದೇನೆ. ಅಡುಗೆಮನೆಯ ಕಿಟಕಿ ಮುಚ್ಚಿರಬೇಕು ಎಂದು ನಾನು, ತೆರೆದಿರಬೇಕು ಎಂದು ನೀನು, ಇಷ್ಟು ವರ್ಷ ಹಟ ಹಿಡಿದೆವಲ್ಲ. ಈಗ ಅದು ನನ್ನಿಷ್ಟದಂತೆ ಸದಾ ಮುಚ್ಚಿಯೇ ಇರುತ್ತದೆ. ಅದರಲ್ಲಿ ಏನೂ ಸುಖವಿಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಕಾಲುವೆ ಎಂದ ಕೂಡಲೇ ನೀನು 'ಅತ್ತೆ, ಮಾತ್ರೆ ತಗೊಂಡ್ರಾ' ಅನ್ನುತ್ತೀಯ. ಪತ್ರಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಇನ್ನೊಂದು ಕಾರಣವೂ ಇದೆ. ಹೋದ ತಿಂಗಳು ಮಾತಿನ ಕೊನೆಯಲ್ಲಿ ನೀನು ಮೆಲ್ಲಗೆ, 'ನಾನು ಹಾಗೆ ಮಾಡಬಾರದಿತ್ತೇನೋ ಅತ್ತೆ, ಇನ್ನು ಆ ಹೊಲಕ್ಕೆ ಕಾಲಿಡಲ್ಲ' ಎಂದೆ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ಅವರು ಅಂದದ್ದು ಒಂದು ಅನ್ಯಾಯ. ಅವರು ಅಂದದ್ದನ್ನು ಅಷ್ಟು ದೂರ ಕೂತು ನೀನೂ ನಂಬತೊಡಗಿದರೆ ಅದು ಎರಡನೆಯದು, ಮತ್ತು ಅದನ್ನು ಮಾಡುತ್ತಿರುವವಳು ನೀನೇ. ಹಾಗಾಗಿ ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಬರೆಯುತ್ತೇನೆ. ಆಮೇಲೆ ನಿನಗೆ ಗೊತ್ತಿಲ್ಲದ್ದು ಇದೆ. ಮೊದಲೇ ಹಾರಿ ಅಲ್ಲಿಗೆ ಹೋಗಬೇಡ.

ನಮ್ಮ ಕಾಲುವೆಯ ನಿಯಮ ಹುಟ್ಟಿದ ದಿನ ನಾನು ಅಲ್ಲಿದ್ದೆ. ಹೊಸ ಮದುಮಗಳು, ನಿನ್ನ ಮಾವನ ಹಿಂದೆ ಬುತ್ತಿ ಹಿಡಿದು ಹೋಗಿದ್ದೆ. ಆಗೆಲ್ಲ ಮೇಲಿನ ಹೊಲದವರು ತಮ್ಮ ಸರದಿ ಬಂದಾಗ 'ನನಗೆ ಬೇಡ, ನನ್ನ ಅಳಿಯನಿಗೆ ಬಿಡಿ', 'ನನಗೆ ಬೇಡ, ನನ್ನ ಷಡ್ಡಕನಿಗೆ ಬಿಡಿ' ಎಂದು ನೀರನ್ನು ನೆಂಟರ ನಡುವೆಯೇ ಸುತ್ತಿಸುತ್ತಿದ್ದರು. ಕೆಳಗಿನವರ ಬೆಳೆ ಒಣಗುತ್ತಿತ್ತು. ಗುದ್ದಲಿ ಎತ್ತಿ ಹೊಡೆದಾಟವಾಗಿ ಒಬ್ಬರ ಕಿವಿಯೇ ಹರಿದ ಮೇಲೆ ಎಲ್ಲರೂ ಕೂತು ಒಂದು ಮಾತು ಮಾಡಿದರು: ಸರದಿ ಬಂದಾಗ ಹೊಲದ ಬಾಯಿ ತೆರೆಯದವನಿಗೆ ಮುಂದಿನ ಸರದಿಯೂ ಇಲ್ಲ. ನಿನ್ನ ಮಾವನೂ ಕೈ ಎತ್ತಿದರು. ಅವತ್ತಿಗೆ ಅದು ಒಳ್ಳೆಯ ನಿಯಮವೇ. ಮಾತು ಅಲ್ಲಿಗೆ ಮುಗಿಯಿತು, ಕಿವಿಗಳು ಉಳಿದವು.

ಆಮೇಲೆ ಊರಿಗೆ ಆಲೂಗಡ್ಡೆ ಬಂತು. ನಿಯಮ ಮಾಡಿದವರು ಯಾರೂ ಆಲೂಗಡ್ಡೆಯನ್ನು ಕೇಳಿ ಮಾಡಿರಲಿಲ್ಲ. ಅದಕ್ಕೆ ನೀರು ಬೇಕು, ಆದರೆ ಸಾಲಿನ ಅರ್ಧದವರೆಗೆ ಬೇಕು. ಬುಡಕ್ಕೆ ಏರಿಸಿದ ಮಣ್ಣಿನ ಬೋದು ಮುಳುಗಬಾರದು. ಮೋಡ ಕವಿದ ತಣ್ಣನೆಯ ವಾರದಲ್ಲಂತೂ ಬೇಡವೇ ಬೇಡ. ಇದು ಯಾರಿಗೆ ಗೊತ್ತಿಲ್ಲ? ಚಹಾ ಅಂಗಡಿಯ ಬೆಂಚಿನ ಮೇಲೆ ಕೂತ ಎಲ್ಲರಿಗೂ ಗೊತ್ತು. ಆದರೂ ಮೋಡ ಕವಿದ ವಾರದಲ್ಲಿ ಸರದಿ ಬಂದರೆ, ಬೇಡವೆಂದರೆ ಮುಂದಿನದೂ ಹೋಗುತ್ತದಲ್ಲ ಎಂಬ ಹೆದರಿಕೆಗೆ, ತೊಪ್ಪೆಯಾದ ಹೊಲಕ್ಕೇ ಮತ್ತೆ ನೀರು ಬಿಡುತ್ತಿದ್ದರು. ಜಡಿಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಗುದ್ದಲಿ ಹಿಡಿದು ಹೊಲಕ್ಕೆ ನೀರು ಹಾಯಿಸಿದ ಜನ ಭೂಮಿಯ ಮೇಲೆ ನಾವೊಬ್ಬರೇ ಇರಬೇಕು. ನಾನೆಷ್ಟೋ ಪುಸ್ತಕ ಓದಿದ್ದೇನೆ, ಇಂಥದ್ದು ಎಲ್ಲೂ ಸಿಕ್ಕಿಲ್ಲ.

ಹೋದ ಆಗಸ್ಟಿನಲ್ಲಿ ನೀನು ತೂಬಿನವಳು. ಸಂಘದವರೇ ಕೈ ಎತ್ತಿ ಆರಿಸಿ, ತೂಬಿನ ಚಕ್ರದ ಕೀಲಿಯನ್ನು ನಿನ್ನ ಕೈಗೆ ಕೊಟ್ಟಿದ್ದರು. ಸೂರ್ಯ ಮುಖ ತೋರಿಸದ ಆ ವಾರ ನೀನು ಮೇಲಿನ ಹೊಲವೊಂದರಲ್ಲಿ ಎಲೆ ಮಗುಚಿ ನೋಡಿ, ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ತಂದೆ. ಮೇಲೆ ಬಿಸಿ ಎಣ್ಣೆ ಸಿಡಿದಂಥ ಕಪ್ಪು ಕಲೆ, ಕೆಳಗೆ ಕಲೆಯ ಸುತ್ತ ಹಿಟ್ಟು ಉದುರಿಸಿದಂತೆ ಬಿಳಿ ಬೂಷ್ಟು. ನನ್ನ ಭೂತಗನ್ನಡಿ ಕೇಳಿದೆ. ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು. ಅಂಗಮಾರಿ. ನೀರು ನಿಂತರೆ ಎಲೆಯ ಮೇಲಿನ ರೋಗ ತೊಳೆದು ಮಣ್ಣಿಗಿಳಿದು ಗೆಡ್ಡೆಗೇ ಹಿಡಿಯುತ್ತದೆ ಎಂದು ನೀನು ಹೇಳಿದೆ. ಆಮೇಲೆ ಚಪ್ಪಲಿ ಸವೆಯುವಂತೆ ಹೊಲದಿಂದ ಹೊಲಕ್ಕೆ ತಿರುಗಿ ಎಲ್ಲರ ಹತ್ತಿರ ಬೇಡಿಕೊಂಡೆ. ಎಲ್ಲರದೂ ಒಂದೇ ರಾಗ: 'ನೀನು ಹೇಳೋದು ಸರಿ ಕಣಮ್ಮ. ಆದ್ರೆ ನಾನೊಬ್ಬ ಬೇಡ ಅಂದು ಸರದಿ ಕಳ್ಕೊಂಡ್ರೆ, ನಾಳೆ ನೀನು ಕೊಡ್ತೀಯಾ?' ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬರೂ ಪಕ್ಕದವನನ್ನು ನೋಡಿ ಹೆದರಿದವರು.

ಆಗ ನೀನು ತೂಬನ್ನೇ ಮುಚ್ಚಿದೆ. ಅದರ ಹಿಂದಿನ ಬುದ್ಧಿವಂತಿಕೆ ನನಗೆ ಆಮೇಲೆ ಹೊಳೆಯಿತು. ನೀರೇ ಬರದಿದ್ದರೆ ಯಾರೂ ಬೇಡ ಅಂದಂತಾಗಲಿಲ್ಲ, ಯಾರ ಸರದಿಯೂ ಹೋಗಲಿಲ್ಲ. ಎಲ್ಲರ ಹೆದರಿಕೆಯನ್ನೂ ನೀನೊಬ್ಬಳೇ ತಲೆಯ ಮೇಲೆ ಹಾಕಿಕೊಂಡೆ. ನಮ್ಮ ಹೊಲದ ಗಿಡದ ಸೊಪ್ಪನ್ನು ನೆಲಮಟ್ಟಕ್ಕೆ ಕೊಯ್ದು, ಚೀಲದಲ್ಲಿ ತುಂಬಿ, ಗುಂಡಿ ತೋಡಿ ಹೂತೆ. ಬೇರೆಯವರು ಕೊಯ್ಯಲಿಲ್ಲ. ಅವರ ಗಿಡ ಕಪ್ಪಾಗಿ ಸುಟ್ಟಂತಾದಾಗ ಅಧ್ಯಕ್ಷರು ಏನೆಂದರು? 'ನೀರಿಲ್ಲದೆ ಬೆಳೆ ಒಣಗಿದೆ. ಗೇಟು ಮುಚ್ಚಿದ ನೀರು ಎಲ್ಲಿಗೆ ಹೋಯ್ತು? ತೂಬಿನ ಪಕ್ಕದ ಹೊಲ ಯಾರದು?' ಮುಚ್ಚಿದ ನೀರು ಕಟ್ಟೆ ದಾಟಿ ಹಳ್ಳಕ್ಕೆ ಬೀಳುತ್ತದೆ ಎಂದು ಅಂಗಳದಲ್ಲಿ ಕೂತ ಒಬ್ಬೊಬ್ಬರಿಗೂ ಗೊತ್ತಿತ್ತು. ಚಿಕ್ಕಂದಿನಲ್ಲಿ ಅವರೆಲ್ಲ ಈಜಿದ್ದು ಆ ನೀರಿನಲ್ಲೇ. ನೀನು ಎದ್ದು ನಿಂತು 'ನನ್ನ ಹೊಲಕ್ಕೂ ನಿಲ್ಲಿಸಿದ್ದೆ' ಅಂದಾಗ 'ಕೂತ್ಕೊಳಮ್ಮ' ಎಂದರು. ಕೀಲಿ ಕಸಿದುಕೊಂಡರು. ಮುಂದಿನ ಬೆಳೆಗೆ ನಮ್ಮ ಸರದಿ ರದ್ದು ಎಂದರು. ನಾನು ಎದ್ದು ಮಾತಾಡಿದರೆ 'ಸದಸ್ಯರಲ್ಲದವರು ಮಾತಾಡುವಂತಿಲ್ಲ' ಎಂದು ನನ್ನ ಬಾಯಿಯನ್ನೂ ಮುಚ್ಚಿಸಿದರು. ದೂರದ ಒಂದು ದೇಶದಲ್ಲಿ ಬಹಳ ಹಿಂದೆ ಇದೇ ರೋಗ ಬಂದು ಊರಿಗೆ ಊರೇ ಹಸಿವಿನಿಂದ ಖಾಲಿಯಾದಾಗ, ಜನ ಅದಕ್ಕೆ ಕಾರಣವನ್ನು ಸಿಡಿಲಿನಲ್ಲಿ, ಹೊಸದಾಗಿ ಬಂದ ರೈಲಿನಲ್ಲಿ, ತಮ್ಮ ಪಾಪದಲ್ಲಿ ಹುಡುಕಿದ್ದರಂತೆ. ನಮ್ಮವರಿಗೆ ಅಷ್ಟು ದೂರ ಹೋಗುವ ಕಷ್ಟ ಬೇಕಿರಲಿಲ್ಲ. ಕೈಗೆ ಸಿಗುವಷ್ಟು ಹತ್ತಿರ ಒಬ್ಬ ಹೆಣ್ಣುಮಗಳು ನಿಂತಿದ್ದಳು.

ನೀನು ಅಮ್ಮನ ಆರೈಕೆಗೆಂದು ತವರಿಗೆ ಹೊರಟ ಮೇಲೆ ನಾನೂ ನಿನ್ನ ಗಂಡನೂ ನಮ್ಮ ಹೊಲ ಅಗೆದೆವು. ಸಿಪ್ಪೆ ಗಟ್ಟಿಯಾಗಲಿ ಎಂದು ನೀನು ಹೇಳಿದಷ್ಟು ದಿನ ಕಾದು, ಒಣ ಬಿಸಿಲು ನೋಡಿ ಅಗೆದೆವು. ಗೆಡ್ಡೆ ಸಣ್ಣವು, ಆದರೆ ಕಲ್ಲಿನಂತೆ ಗಟ್ಟಿ. ಸೊಪ್ಪು ಕೊಯ್ಯದೆ ಬಿಟ್ಟವರ ಹೊಲ ಅಗೆದಾಗ ಬೀದಿಯವರೆಗೂ ನಾತ. ಇದು ಎಲ್ಲರ ಮೂಗಿಗೂ ಬಡಿಯಿತು, ಆದರೆ ಒಬ್ಬರ ಬಾಯಿಗೂ ಬರಲಿಲ್ಲ. ನಿನ್ನ ಅಪ್ಪಣೆಯಂತೆ ಅದರಲ್ಲಿ ಒಂದನ್ನೂ ಬಿತ್ತನೆಗೆ ಇಟ್ಟಿಲ್ಲ. ನೋಡಲು ಎಷ್ಟು ಚೆನ್ನಾಗಿದ್ದವು ಎಂದರೆ ಒಂದು ಬುಟ್ಟಿ ಎತ್ತಿಡೋಣವೆಂದು ಆಸೆಯಾಯಿತು. 'ಒಳಗೆ ರೋಗ ಮಲಗಿರುತ್ತೆ ಅತ್ತೆ' ಎಂದು ನೀನು ಕಣ್ಣು ದೊಡ್ಡದು ಮಾಡಿದ್ದು ನೆನಪಾಗಿ ಎಲ್ಲವನ್ನೂ ಬೇಯಿಸಿ ತಿಂದೆವು. ಈಗ ಆಲೂಗಡ್ಡೆ ಕಂಡರೆ ನಿನ್ನ ಗಂಡ ತಟ್ಟೆ ತಿರುಗಿಸಿ ಕೂರುತ್ತಾನೆ. ಈ ಬೆಳೆಗೆ ನಮಗೆ ನೀರಿಲ್ಲವಲ್ಲ, ಬಾವಿಯಿಂದ ಸೇದಿ ಒಂದಿಷ್ಟು ಬಟಾಣಿ ಹಾಕಿದ್ದೇನೆ. ಒಂದೇ ನೆಲಕ್ಕೆ ಮತ್ತೆ ಮತ್ತೆ ಆಲೂಗಡ್ಡೆ ಬೇಡವೆಂದು ನೀನೇ ಹೇಳುತ್ತಿದ್ದೆ. ಶಿಕ್ಷೆ ಕೊಟ್ಟವರು ಗೊತ್ತಿಲ್ಲದೆ ನಿನ್ನ ಮಾತನ್ನೇ ನಡೆಸಿದ್ದಾರೆ.

ಇನ್ನು ನಿನಗೆ ಗೊತ್ತಿಲ್ಲದ್ದು.

ನಿನ್ನ ಜಾಗಕ್ಕೆ ಸೀಟಿ ಮೇಷ್ಟ್ರನ್ನು ತಂದರು. ಶಾಲೆಯಲ್ಲಿ ಡ್ರಿಲ್ ಮಾಡಿಸುತ್ತಿದ್ದರಲ್ಲ, ಅಧ್ಯಕ್ಷರ ಭಾವಮೈದ. ಸರದಿ ಬದಲಾದಾಗಲೆಲ್ಲ ಕಾಲುವೆ ಏರಿಯ ಮೇಲೆ ನಿಂತು ಸೀಟಿ ಊದುತ್ತಾರೆ. ಬೀದಿಯ ನಾಯಿಗಳು ಮಾತ್ರ ತಪ್ಪದೆ ಸಾಲಾಗಿ ಬರುತ್ತವೆ. ಮೇಷ್ಟ್ರು ಒಳ್ಳೆಯವರು, ಆದರೆ ನಿಯಮ ಎಂದರೆ ಪ್ರಾಣ. ಆಮೇಲೆ, ಇನ್ನು ಯಾರೂ ತೂಬು ಮುಚ್ಚದಂತೆ ಚಕ್ರಕ್ಕೆ ಸರಪಳಿ ಬೆಸೆಯಬೇಕೆಂದು ಸಂಘ ತೀರ್ಮಾನಿಸಿತು. ಬೆಸೆಯುವವನು ಯಾರು? ಊರಿಗೆ ಇರುವ ಒಬ್ಬನೇ ವೆಲ್ಡರ್, ನಿನ್ನ ಗಂಡ. ಕೇಳಲು ಬಂದಾಗ ಅವನು ತಲೆ ಎತ್ತದೆ 'ಗ್ಯಾಸ್ ಖಾಲಿ' ಎಂದ. ಮುಂದಿನ ವಾರ ಬಂದರು, ಗ್ಯಾಸ್ ಖಾಲಿ. ಅವರ ಕಣ್ಣೆದುರೇ ಯಾರದೋ ಗಾಡಿಯ ಕಂಬಿ ಬೆಸೆಯುತ್ತಾ, ಕಿಡಿ ಹಾರಿಸುತ್ತಾ, 'ಗ್ಯಾಸ್ ಖಾಲಿ' ಎಂದ. ಇವತ್ತಿಗೂ ಖಾಲಿಯೇ. ನನ್ನ ಮಗ ಜೀವಮಾನದಲ್ಲಿ ಮಾಡಿದ ಭಾಷಣ ಅದೊಂದೇ, ಅದೂ ಎರಡೇ ಪದದ್ದು. ನಿನಗೆ ಅವನು ಹೇಳಿರಲಾರ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಡಿಸೆಂಬರ್ ನಡುವಿನಲ್ಲಿ ಮತ್ತೆ ಮೋಡ ಕವಿಯಿತು. ಹಗಲಿಡೀ ಸಂಜೆಯಂಥ ಬೆಳಕು, ಬೆಳಿಗ್ಗೆ ಎಲೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಈ ಸಲ ಜನ ಏನು ಮಾಡಿದರು ಗೊತ್ತಾ? ಸರದಿ ಬಂದ ಕೂಡಲೇ ಹೋಗಿ ಹೊಲದ ಬಾಯಿ ತೆರೆಯುವುದು, ಸಾಲಿನ ತುದಿ ನೆನೆಯುವಷ್ಟು ನೀರು ಒಳಗೆ ಬರುವುದೇ ತಡ, ಹೆಂಟೆ ಒತ್ತಿ ಮುಚ್ಚಿಬಿಡುವುದು. ನಿಯಮದಲ್ಲಿ ಬಾಯಿ ತೆರೆಯಬೇಕು ಎಂದಿದೆಯೇ ಹೊರತು ಎಷ್ಟು ಹೊತ್ತು ತೆರೆದಿರಬೇಕು ಎಂದಿಲ್ಲವಲ್ಲ! ಸೀಟಿ ಮೇಷ್ಟ್ರೂ ನೋಡಿ, 'ತೆರೆದ, ಸರದಿ ಸಂದಿತು' ಎಂದು ಊದಿಬಿಡುತ್ತಿದ್ದರು. ಚಹಾ ಅಂಗಡಿಯಲ್ಲಿ ಇದಕ್ಕೆ ಹೆಸರೂ ಬಿದ್ದಿತ್ತು. 'ಏನಯ್ಯಾ, ಇವತ್ತು ಪೂರ್ತಿ ನೀರೋ, ಸೊಸೆ ನೀರೋ?' 'ಸೊಸೆ ನೀರು ಸಾಕಪ್ಪ, ಮೋಡ ನೋಡಿದ್ಯಾ.' ಯಾವ ಸೊಸೆ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ನನ್ನನ್ನು ಕಂಡರೆ ಲೋಟದೊಳಗೆ ಮುಖ ಮುಚ್ಚಿಕೊಳ್ಳುತ್ತಿದ್ದರು. ನನಗೆ ಸಿಟ್ಟೂ ಬಂತು, ನಿಜ ಹೇಳುತ್ತೇನೆ, ಹೊಟ್ಟೆಯೊಳಗೆ ತಣ್ಣಗೂ ಆಯಿತು. ನಿನ್ನನ್ನು ಕಳ್ಳಿ ಎಂದವರು ನಿನ್ನ ಪಾಠವನ್ನು ಕದ್ದು ಓದುತ್ತಿದ್ದರು. ಅಧ್ಯಕ್ಷರ ಹೊಲಕ್ಕೂ ಸೊಸೆ ನೀರೇ. ನಾನೇ ಕಣ್ಣಾರೆ ನೋಡಿದೆ.

ಆದರೆ ಅರ್ಧ ಪಾಠ. ಎಲ್ಲರೂ ಬಾಯಿ ಮುಚ್ಚಿಕೊಂಡರೆ, ಮೇಲೆ ತೂಬು ತೆರೆದೇ ಇದ್ದರೆ, ಆ ನೀರು ಎಲ್ಲಿಗೆ ಹೋಗಬೇಕು? ಕಾಲುವೆಯ ಬಾಲಕ್ಕೆ. ಬಾಲದಲ್ಲಿ ಯಾರಿದ್ದಾರೆ? ನಮ್ಮ ಟೈಲರ್. ಪಾಪ, ಇಷ್ಟು ವರ್ಷ ಬೇಸಿಗೆಯಲ್ಲಿ ಅವನಿಗೆ ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ. ಮೂರು ದಿನ ಅಂಗಡಿಯಲ್ಲಿ ಸಮವಸ್ತ್ರದ ಆರ್ಡರ್ ಮುಗಿಸುತ್ತಾ ಕೂತಿದ್ದು, ನಾಲ್ಕನೆಯ ದಿನ ಹೊಲಕ್ಕೆ ಹೋಗಿ ನೋಡಿದರೆ ಊರಿನ ಎಲ್ಲರಿಗೂ ಬೇಡವಾದ ನೀರು ಅವನ ಹೊಲದಲ್ಲಿ ನಿಂತಿದೆ. ಬೋದುಗಳು ಕರಗಿ ಸಾಲಿಗೆ ಕುಸಿದಿವೆ, ಕೆಳಗಿನ ಗಿಡಗಳಲ್ಲಿ ಎಲೆಯ ತುದಿ ಮಾತ್ರ ಕಾಣುತ್ತಿದೆ.

ಅವನು ಹೇಗೆ ಬಂದ ಎನ್ನುತ್ತೀಯ! ಮೊಣಕಾಲವರೆಗೆ ಕೆಸರು, ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿದೆ. ಯಾವಾಗಲೂ ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡು 'ಹ್ಞೂಂ, ಹ್ಞೂಂ' ಎನ್ನುವವನು ಅವತ್ತು ಬೀದಿಯ ನಡುವೆ ನಿಂತು ಬಾಯಿ ಬಿಟ್ಟ. 'ಹೋದ ಸಲ ಆ ಹುಡುಗಿ ಗೇಟು ಹಾಕಿದ್ದಕ್ಕೆ ಕಳ್ಳಿ ಅಂದ್ರಿ. ಅವಳು ಯಾರ ಹೊಲಾನೂ ಮುಳುಗಿಸ್ಲಿಲ್ಲ. ಈಗ ನೀವೆಲ್ಲ ಸೇರ್ಕೊಂಡು ನಂದನ್ನ ಕೆರೆ ಮಾಡಿದ್ದೀರಲ್ಲ, ನಿಮ್ಮನ್ನ ಏನಂತ ಕರೀಲಿ? ಒಂದು ಒಳ್ಳೇ ಹೆಸರು ಹೇಳಿ, ನಿಮ್ಮೆಲ್ಲರ ಅಂಗಿ ಕಾಲರ್ ಮೇಲೆ ಹೊಲಿದು ಕೊಡ್ತೀನಿ!' ನಾನು ಜಗಲಿಯಲ್ಲಿ ಕಾಳು ಆರಿಸುತ್ತಿದ್ದೆ. ಮೊರ ಕೆಳಗಿಟ್ಟು ಎದ್ದೆ. ಬಾಗಿಲು ಬಾಗಿಲಿನಿಂದ ಜನ ಹೊರಗೆ ಬಂದರು. ಮೊದಲು ಕಾಲುವೆ ಕಡೆಗೆ ಹೆಜ್ಜೆ ಇಟ್ಟದ್ದು ಟೈಲರನೇ. ಅವನ ಹಿಂದೆ ಅಧ್ಯಕ್ಷರ ಸ್ವಂತ ತಮ್ಮ, ಅವನ ಹಿಂದೆ ಇಡೀ ಬೀದಿ. ನನ್ನ ಮಂಡಿಯೂ ಅವತ್ತು ಮಾತಾಡದೆ ಬಂತು.

ತೂಬಿನ ಹತ್ತಿರ ಸೀಟಿ ಮೇಷ್ಟ್ರು ಎರಡೂ ಕೈ ಚಾಚಿ ಅಡ್ಡ ನಿಂತರು. 'ಯಾರೂ ಚಕ್ರ ಮುಟ್ಟೋ ಹಾಗಿಲ್ಲ. ಇದು ತೀರ್ಮಾನ.' ಟೈಲರ್, 'ಮೇಷ್ಟ್ರೇ, ನೀವು ಸೀಟಿ ಊದಿ, ನೀರು ನಿಲ್ಲುತ್ತೇನೋ ನೋಡೋಣ' ಎಂದ. ಯಾರೋ ಕಿಸಕ್ಕೆಂದರು. ಮೇಷ್ಟ್ರ ಕಣ್ಣಿನಲ್ಲಿ ನೀರೇ ಬಂತು. 'ಅಲ್ರೋ, ನಾನು ಮುಚ್ಚಿದ್ರೆ ನಾಳೆ ನನ್ನನ್ನೂ ಹಾಗೇ ಅಂತೀರಲ್ವಾ?' ಈ ಮಾತನ್ನು ನೀನು ಕೇಳಿಸಿಕೊಳ್ಳಬೇಕಿತ್ತು. ಇಡೀ ಅನ್ಯಾಯ ಆ ಒಂದು ಪ್ರಶ್ನೆಯಲ್ಲಿ ಬಂದು ಕೂತಿತ್ತು. ನಿನ್ನ ಗಂಡ ಎಣ್ಣೆ ಡಬ್ಬಿ ಹಿಡಿದು ಬಂದು, ತುಕ್ಕು ಹಿಡಿದ ಚಕ್ರದ ಬುಡಕ್ಕೆ ಸುರಿದು, 'ಮೇಷ್ಟ್ರೇ, ನೀವೊಬ್ಬರೇ ಬೇಡ, ಎಲ್ಲರೂ ಕೈ ಹಾಕೋಣ' ಎಂದ. (ಹೌದು, ಇಷ್ಟು ಪದ! ನನ್ನ ಕಿವಿಯಾರೆ ಕೇಳಿದೆ.) ಕೈ ಮೇಲೆ ಕೈ ಬಿತ್ತು. ಮೇಷ್ಟ್ರೂ ಹಾಕಿದರು, ಅಧ್ಯಕ್ಷರ ತಮ್ಮನೂ ಹಾಕಿದ, ನಾನು ಎರಡು ಬೆರಳಾದರೂ ತಾಗಿಸಿದೆ. ತೂಬು ಕಿರುಗುಟ್ಟುತ್ತಾ ಇಳಿಯಿತು. ನೀರು ಕಟ್ಟೆ ದಾಟಿ, ಎಂದಿನಂತೆ, ಹಳ್ಳಕ್ಕೆ ಬಿತ್ತು. ಎಲ್ಲರೂ ನಿಂತು ಅದು ಎಲ್ಲಿಗೆ ಹೋಗುತ್ತದೆ ಎಂದು ಹೊಸದಾಗಿ ಕಂಡವರಂತೆ ನೋಡಿದರು. ತೂಬಿನ ಪಕ್ಕದ ನಮ್ಮ ಹೊಲದ ಬಟಾಣಿಗೆ ಒಂದು ಹನಿಯೂ ಬರಲಿಲ್ಲ. ನಾನು ಅದರತ್ತ ಬೆರಳು ತೋರಿಸಿದೆ ಅಷ್ಟೆ.

ಆಮೇಲಿನದು ಸಂತೋಷದ ಸಂಗತಿ. ಅಲ್ಲಿಂದ ನೇರ ಟೈಲರನ ಹೊಲಕ್ಕೇ ಹೋದರು. ಕೆಳಗಿನ ಬದು ಕಡಿದು ನೀರು ಹೊರಗೆ ಬಿಟ್ಟರು, ಸಾಲು ಸಾಲಿಗೂ ಕುಡುಗೋಲು ಹಿಡಿದು ಸೊಪ್ಪು ಕೊಯ್ದರು. ಕೊಯ್ದದ್ದನ್ನು ಒಬ್ಬ ಬದುವಿನ ಮೇಲೆ ಎಸೆಯಲು ಹೋದಾಗ ಇನ್ನೊಬ್ಬ, 'ಅಯ್ಯೋ ಅಲ್ಲಿ ಹಾಕ್ಬೇಡ್ವೋ, ಆಯಮ್ಮ ಗುಂಡಿಗೆ ಹಾಕು ಅಂದಿರ್ಲಿಲ್ವಾ?' ಎಂದು ಗದರಿದ. ಆಯಮ್ಮ ಎಂದರೆ ನೀನು. ಕಳ್ಳಿಯಿಂದ ಆಯಮ್ಮನವರೆಗೆ ಬಂದಿದ್ದಾರೆ. ಹೆಸರು ಹಿಡಿದು ಕರೆಯಲು ಇನ್ನೂ ನಾಲಿಗೆ ಹೊರಳಬೇಕು. ಕೆಳಗಿನ ಸಾಲುಗಳು ಹೋದವು, ಅದಕ್ಕೆ ಉಪಾಯವಿಲ್ಲ. ಮೇಲಿನ ಸಾಲುಗಳಿಗೆ ಮಣ್ಣು ಏರಿಸಿ ಕಾದರು. ನಿನ್ನೆ ಟೈಲರ್ ಅಲ್ಲೊಂದು ಇಲ್ಲೊಂದು ಬುಡ ಕೆದಕಿ, ಒಂದಷ್ಟು ಗೆಡ್ಡೆ ತೊಳೆದು, ಬಟ್ಟೆಯ ತುಂಡಿನಲ್ಲಿ ಕಟ್ಟಿಕೊಂಡು ತಂದ. ಚಾಕುವಿನಿಂದ ಕೊಯ್ದೆ. ಒಂದರಲ್ಲೂ ಕಂದು ಕಲೆ ಇಲ್ಲ, ಬೆಣ್ಣೆಯ ಬಣ್ಣ. ಅವನು ನಗುತ್ತಾ ಅಳುತ್ತಾ 'ದೊಡ್ಡಮ್ಮ, ನಿಮ್ಮ ಸೊಸೆಗೆ ಒಂದು ರವಿಕೆ ಹೊಲಿದಿಡ್ತೀನಿ, ಅಳತೆ ಹಳೇದೇ ಇದೆಯಾ ಕೇಳಿ' ಎಂದ. ಕೆನ್ನೆ ಒಳಗೆ ಹೋಗಿದೆಯಂತೆ, ಕೇಳಿ ಹೇಳುತ್ತೇನೆ ಎಂದೆ. ಉಳಿದವರ ಹೊಲದಲ್ಲೂ ಈ ಸಲ ಕಲೆ ಕಂಡ ಕೂಡಲೇ ಸೊಪ್ಪು ಕೊಯ್ದಿದ್ದಾರೆ. ಬೀದಿಯಲ್ಲಿ ನಾತವಿಲ್ಲ. ಇಂಥ ಬೆಳೆ ಕಂಡು ಎಷ್ಟೋ ವರ್ಷವಾಗಿತ್ತು.

ಗುರುವಾರ ಮಧ್ಯಾಹ್ನ ಅಧ್ಯಕ್ಷರು ಬಂದರು. ಮುಂಬಾಗಿಲಿಗಲ್ಲ, ಹಿತ್ತಲ ಬಾಗಿಲಿಗೆ. ಕೂರಲಿಲ್ಲ. 'ದೊಡ್ಡಮ್ಮ, ಆದದ್ದು ಆಗಿಹೋಯ್ತು. ಹುಡುಗಿಯನ್ನ ಕರೆಸ್ಕೊಳ್ಳಿ. ಕೀಲಿ ಕೊಟ್ಟುಬಿಡ್ತೀವಿ, ಸರದಿಯೂ ಕೊಡ್ತೀವಿ. ಗಲಾಟೆ ಯಾಕೆ, ಪೇಪರಿಗೆ ಗೀಪರಿಗೆ ಬರೀಬೇಡಿ.' ನಾನು ಕೇಳಿದೆ: 'ನನ್ನ ಸೊಸೆಯನ್ನ ಬೈದದ್ದು ಹಿತ್ತಲಿನಲ್ಲೇನು?' ಅವರು ಪಾತ್ರೆ ತೊಳೆಯುವ ಕಲ್ಲಿನ ಕಡೆ ನೋಡುತ್ತಾ, 'ನನಗೂ ಮುಖ ಅಂತ ಒಂದಿದೆ ದೊಡ್ಡಮ್ಮ' ಎಂದು ಹೋದರು. ಅವರು ರಾಕ್ಷಸರಲ್ಲ. ಅವರ ಹೊಲವೂ ಕೊಳೆತಿತ್ತು, ಯಾರ ಮೇಲಾದರೂ ಹಾಕಬೇಕಿತ್ತು. ಆದರೆ ಮುಖ ಅವರಿಗೊಬ್ಬರಿಗೇ ಇರುವುದಲ್ಲ. ನಾನು ಸಂಪಾದಕರಿಗೆ ಬರೆದ ಪತ್ರಗಳಲ್ಲಿ ನೂರು ಸಲ ಹೇಳಿದ್ದೇನೆ: ಸಾರ್ವಜನಿಕವಾಗಿ ಮಾಡಿದ ತಪ್ಪನ್ನು ಖಾಸಗಿಯಾಗಿ ತಿದ್ದಲು ಬರುವುದಿಲ್ಲ. ನನ್ನ ಕೆಲಸದಲ್ಲೂ ಅಷ್ಟೇ ಆಗಿತ್ತು. ಮೊದಲ ಪುಟದಲ್ಲಿ ತಪ್ಪು ಅಚ್ಚಾದರೆ ತಿದ್ದುಪಡಿ ಮೊದಲ ಪುಟದಲ್ಲೇ ಬರಬೇಕು ಎಂದು ಹಟ ಹಿಡಿದು ಒಂದು ಬಡ್ತಿ ಕಳೆದುಕೊಂಡವಳು ನಾನು.

ನಿನ್ನ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಅವರು ಬಾಗಿಲು ದಾಟಿ ಅಂಗಳಕ್ಕೆ ಬರುವಂತಾಗಲಿ. ಒಂದು ತಿಂಗಳು ಇಲ್ಲೇ ಬಂದಿರಲಿ ಎಂದು ನಾನೇ ಕರೆದೆನೆಂದು ಹೇಳು. ಮುಂದಿನ ಕೋಣೆಯ ಮಂಚವನ್ನು ನಿನ್ನ ಗಂಡ ಅವರಿಗೆ ಎತ್ತರವಾಗುವಂತೆ ಕಬ್ಬಿಣದ ಕಾಲು ಬೆಸೆದು ಸಿದ್ಧ ಮಾಡಿದ್ದಾನೆ. ಅದಕ್ಕೆ ಗ್ಯಾಸ್ ಎಲ್ಲಿತ್ತೋ ದೇವರಿಗೇ ಗೊತ್ತು. ನೀನು ತಣ್ಣಗಿರು, ಹೊಟ್ಟೆ ತುಂಬ ಉಣ್ಣು, ನಿನ್ನ ಬಾಳು ಹಸಿರಾಗಿರಲಿ.

ಇಂತಿ, ನಿನ್ನ ಬಾಯಿಬಡುಕಿ
ಅತ್ತೆ

ಸೋಮವಾರ ಬೆಳಿಗ್ಗೆ: ಅಂಚೆಯವನು ಬೀದಿಯ ತುದಿಗೆ ಬಂದಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿಜವಾದ ವಿಷಯ ಇದು. ಸಂಘದ ವಾರ್ಷಿಕ ಸಭೆ ಈ ತಿಂಗಳ ಕೊನೆಯ ಭಾನುವಾರ. ಸಭೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ಸದಸ್ಯರಿಗೆ ಮಾತ್ರ. ಟೈಲರ್ ಕೇಳುತ್ತೇನೆಂದ, ನಾನೇ ಬೇಡವೆಂದೆ. ಹೊಲ ನಿನ್ನ ಹೆಸರಿನಲ್ಲಿದೆ, ಸದಸ್ಯಳು ನೀನು, ಕಳಂಕ ಹಚ್ಚಿದ್ದು ನಿನಗೆ. ಕೀಲಿಗಾಗಿ ಬರಬೇಡ, ಅದನ್ನು ತೆಗೆದುಕೊಳ್ಳುವುದೂ ಬಿಡುವುದೂ ಆಮೇಲೆ ನಿನ್ನಿಷ್ಟ. ಕೇಳಲು ಬಾ. ನಾನು ಪಕ್ಕದಲ್ಲಿ ಕೂತಿರುತ್ತೇನೆ, ನಿನ್ನ ಗಂಡ ಹಿಂದೆ. ನಿನಗೆ ಮಾತು ತಡವರಿಸಿದರೆ ಇದನ್ನು ನೋಡಿಕೊಂಡು ಓದು: 'ಅಧ್ಯಕ್ಷರೇ, ಆಗಸ್ಟಿನಲ್ಲಿ ಬೆಳೆ ಉಳಿಸಲು ತೂಬು ಮುಚ್ಚಿದ್ದು ನಾನು. ಡಿಸೆಂಬರಿನಲ್ಲಿ ಬೆಳೆ ಉಳಿಸಲು ತೂಬು ಮುಚ್ಚಿದ್ದು ನೀವೆಲ್ಲರೂ. ನಾನು ಕಳ್ಳಿಯಾದರೆ ಇಲ್ಲಿ ಕೂತವರಲ್ಲಿ ಕಳ್ಳರಲ್ಲದವರು ಯಾರು? ನಾನು ಕಳ್ಳಿಯಲ್ಲದಿದ್ದರೆ ಅದನ್ನು ಹೇಳಬೇಕಾದವರು ಯಾರು? ಬೇಡ ಎಂದವರ ಸರದಿ ಮುಂದಕ್ಕೆ ಉಳಿಯುವಂತೆ ನಿಯಮ ತಿದ್ದಲು ಇನ್ನೆಷ್ಟು ಹೊಲ ಕೊಳೆಯಬೇಕು? ಉತ್ತರವನ್ನು ನನ್ನ ಮನೆಗೆ ಕಳುಹಿಸಬೇಡಿ. ಇಲ್ಲೇ, ಇವರೆಲ್ಲರ ಮುಂದೆ, ಈಗಲೇ ಹೇಳಿ.'